ಹಳೇ ರೈಫಲ್ಲಿಗೆ ಭಾರದ ಗುಂಡು: ಡ್ಯಾಮೇಜಿಗಲ್ಲ, ಅಳತೆಗೆ

ಬಿಜಿಎಂಐ ಆಡೋರಿಗೆಲ್ಲ ಕಾರ್ 98 ಕೆ ಗೊತ್ತು. ಬೋಲ್ಟ್ ಎಳೆದು ಒಂದೊಂದೇ ಗುಂಡು ಹೊಡೆಯುವ ಹಳೇ ಕಾಲದ ರೈಫಲ್. ಆಟದಲ್ಲಿ ಅದಕ್ಕೆ 7.62 ಎಂಎಂ ಗುಂಡು ಹಾಕ್ತೀವಿ, ಅದೇ ಡಬ್ಬಿಯ ಗುಂಡು ಎಕೆಎಂಗೂ ಆಗುತ್ತೆ. ನಿಜದಲ್ಲಿ ಕಾರ್ 98 ಕೆ ಅಂದರೆ ಜರ್ಮನ್ ಸೇನೆಯ ಮೌಸರ್. ಅದರ ತೋಟಾ 7.92 ಎಂಎಂ. ಎಕೆಎಂನ ತೋಟಾ ಅದರಲ್ಲಿ ಸರಿಯಾಗಿ ಕೂರೋದೂ ಇಲ್ಲ. ಆಟ ಸುಲಭ ಆಗ್ಲಿ ಅಂತ ಹೀಗೆ ಮಾಡಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರೋದು ಆ ಆಟದಿಂದ ನಮ್ಮ ತಲೆಗೆ ಬಂದು ಕೂತಿರುವ ಒಂದು ನಂಬಿಕೆಯ ಬಗ್ಗೆ. ಹಾಸ್ಟೆಲಲ್ಲಿ ಯಾರನ್ನ ಕೇಳಿದ್ರೂ ಹೇಳೋದು ಒಂದೇ: "ಗುಂಡು ಭಾರ ಆದಷ್ಟೂ ಡ್ಯಾಮೇಜ್ ಜಾಸ್ತಿ ಕಣ್ಲಾ."

ಇದು ತಪ್ಪು ಅಂತ ನನ್ನ ವಾದ. ಹಳೇ ಮಿಲಿಟರಿ ರೈಫಲ್‌ಗಳಿಗೆ ಸೀಸದ ಎರಕದ ಗುಂಡು ಆರಿಸುವಾಗ ಭಾರದ ಗುಂಡೇ ಸರಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಕಾರಣ ಡ್ಯಾಮೇಜ್ ಅಲ್ಲ. ಆ ನಳಿಗೆಗಳನ್ನ ಮಾಡಿದ್ದೇ ಉದ್ದ ಗುಂಡಿಗೆ. ಉದ್ದ ಜಾಸ್ತಿ ಆದರೆ ತೂಕ ತಾನಾಗೇ ಜಾಸ್ತಿ ಆಗುತ್ತೆ, ಅಷ್ಟೆ.

ಮೊದಲು ಇದು ಯಾರ ವಿಷಯ ಅಂತ ಹೇಳಿಬಿಡ್ತೀನಿ. ಎರಡು ಮಹಾಯುದ್ಧ ಮುಗಿದ ಮೇಲೆ ಲಕ್ಷಾಂತರ ರೈಫಲ್‌ಗಳು ಸೇನೆಗಳಿಗೆ ಬೇಡವಾದವು. ಅಮೆರಿಕ, ಕೆನಡಾದಂಥ ದೇಶಗಳಲ್ಲಿ ಅವನ್ನ ಸಾಮಾನ್ಯ ಜನರಿಗೆ ಮಾರಿದರು. ಅಲ್ಲಿನ ಹವ್ಯಾಸಿಗಳು ಅವಕ್ಕೆ ಮನೆಯಲ್ಲೇ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು ಗುಂಡು ಮಾಡಿಕೊಳ್ತಾರೆ. ಅದು ಅಲ್ಲಿ ಕಾನೂನುಬದ್ಧ. ನಮ್ಮಲ್ಲಿ ಅಲ್ಲ, ಆ ವಿಷಯಕ್ಕೆ ಆಮೇಲೆ ಬರ್ತೀನಿ. ಆ ರೈಫಲ್‌ಗಳಲ್ಲಿ ನಮಗೆ ತೀರಾ ಹತ್ತಿರದ್ದು ತ್ರೀ ನಾಟ್ ತ್ರೀ, ಅಂದರೆ .303 ಲೀ ಎನ್‌ಫೀಲ್ಡ್. ಪೊಲೀಸ್ ಠಾಣೆ ಮುಂದೆ, ಬ್ಯಾಂಕಿನ ಖಜಾನೆ ಮುಂದೆ, ಎಲೆಕ್ಷನ್ ಬೂತ್ ಮುಂದೆ ನಮ್ಮ ಅಪ್ಪಂದಿರೆಲ್ಲ ನೋಡಿರೋ ಮರದ ಮೈಯ ಬಂದೂಕು ಅದೇ. ಎನ್‌ಸಿಸಿಯಲ್ಲಿ ಇದ್ದವರು ಅದನ್ನ ಹೆಗಲ ಮೇಲೆ ಹೊತ್ತು ಡ್ರಿಲ್ ಮಾಡಿರ್ತಾರೆ.

ಭಾರ ಒಂದೇ ಸಾಕು ಅನ್ನೋರಿಗೆ ಉತ್ತರ ನಮ್ಮ ಮಳವಳ್ಳಿಯಲ್ಲೇ ಇದೆ. 1799ರ ಮಾರ್ಚ್ 27ರಂದು ಮಳವಳ್ಳಿ ಹತ್ತಿರ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಯುದ್ಧ ಆಯ್ತು. ಆಮೇಲೆ ವಾಟರ್ಲೂನಲ್ಲಿ ನೆಪೋಲಿಯನ್ನನ್ನ ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ಆವತ್ತು ಇಲ್ಲೇ ಒಂದು ಪಡೆ ನಡೆಸ್ತಿದ್ದ. ಟಿಪ್ಪು ಹಿಂದಕ್ಕೆ ಸರಿದ, ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಇಷ್ಟು ಇತಿಹಾಸದ ಪುಸ್ತಕದಲ್ಲಿದೆ. ಆವತ್ತು ಹಾರಿದ ಗುಂಡು ಎಂಥದು ಅನ್ನೋದರ ಬಗ್ಗೆ ಮಾತ್ರ ನಮ್ಮ ಕಡೆ ಯಾರೂ ಮಾತಾಡಲ್ಲ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ ಸ್ಕೂಲು, ಅಲ್ಲೂ ವಾಟರ್ಲೂ ಬಂತು, ಮಳವಳ್ಳಿ ಬರಲಿಲ್ಲ.

ಇಂಗ್ಲಿಷರ ಕೈಯಲ್ಲಿದ್ದದ್ದು ಬ್ರೌನ್ ಬೆಸ್ ಅನ್ನೋ ಮಸ್ಕೆಟ್. ನಳಿಗೆಯ ಒಳಗಿನ ಅಗಲ ಮುಕ್ಕಾಲು ಇಂಚು, ಅಂದರೆ 19 ಎಂಎಂ. ಅದಕ್ಕೆ ಹಾಕ್ತಿದ್ದ ಸೀಸದ ದುಂಡನೆಯ ಗುಂಡು 17.5 ಎಂಎಂ ಸುಮಾರು. ಸುಮಾರು 1.5 ಎಂಎಂ ಸಡಿಲ! ಬೇಕಂತಲೇ ಸಡಿಲ ಬಿಡ್ತಿದ್ದರು. ಕಪ್ಪು ಮದ್ದು ಸುಟ್ಟು ನಳಿಗೆಯೊಳಗೆ ಮಸಿ ಕಟ್ಟುತ್ತೆ, ಆದರೂ ಸೈನಿಕ ಬಾಯಿಂದ ಬೇಗ ಬೇಗ ಗುಂಡು ಇಳಿಸಬೇಕಲ್ಲ. ನಳಿಗೆ ಒಳಗೆ ಗೀರು ಇಲ್ಲ, ಪೂರ್ತಿ ನಯ. ಗುಂಡು ಗೋಡೆಯಿಂದ ಗೋಡೆಗೆ ಬಡಿದುಕೊಂಡು ಹೋಗಿ, ಕೊನೇ ಸಲ ಎಲ್ಲಿ ಬಡಿಯಿತೋ ಅದರ ವಿರುದ್ಧ ದಿಕ್ಕಿಗೆ ಹಾರೋದು. ನೂರು ಗಜದ ಆಚೆ ಒಬ್ಬ ಮನುಷ್ಯನಿಗೆ ಗುರಿ ಇಟ್ಟು ಹೊಡೆಯೋದು ಅದೃಷ್ಟದ ಮಾತು. ಅದಕ್ಕೇ ಸಾಲಾಗಿ ನಿಂತು ಎಲ್ಲರೂ ಒಟ್ಟಿಗೆ ಹೊಡೀತಿದ್ದರು.

ಆ ಗುಂಡಿನ ತೂಕ ಎಷ್ಟು ಗೊತ್ತಾ? ಸೀಸದ ಸಾಂದ್ರತೆ ಹಾಕಿ ಲೆಕ್ಕ ಮಾಡಿ, ಸುಮಾರು 32 ಗ್ರಾಂ ಬರುತ್ತೆ.

ಈಗ 54 ವರ್ಷ ಮುಂದಕ್ಕೆ ಬನ್ನಿ. 1853ರ ಎನ್‌ಫೀಲ್ಡ್ ರೈಫಲ್, 1857ರಲ್ಲಿ ಕೊಬ್ಬು ಸವರಿದ ತೋಟಾದಿಂದ ದೊಡ್ಡ ಗಲಾಟೆ ಆಯ್ತಲ್ಲ, ಅದೇ. ಅದರ ಗುಂಡು 530 ಗ್ರೇನ್, ಅಂದರೆ 34 ಗ್ರಾಂ. ಮಳವಳ್ಳಿಯ ಗುಂಡಿಗೂ ಇದಕ್ಕೂ ತೂಕದಲ್ಲಿ ಹೆಚ್ಚುಕಡಿಮೆ ವ್ಯತ್ಯಾಸ ಇಲ್ಲ. ಆದರೆ ಇದು ನೂರಾರು ಗಜ ದೂರಕ್ಕೂ ಗುರಿ ಹಿಡೀತಿತ್ತು. ಯಾಕೆ? ಇದು ದುಂಡಗಿರಲಿಲ್ಲ, ಉದ್ದ ಇತ್ತು. ಹಿಂಭಾಗ ಟೊಳ್ಳು. ಮದ್ದು ಸಿಡಿದಾಗ ಹಿಂಭಾಗ ಅರಳಿ ನಳಿಗೆಯ ಗೀರುಗಳಿಗೆ ಒತ್ತಿ ಕೂರೋದು. ಗೀರುಗಳು ಸುರುಳಿಯಾಗಿ ಇದ್ದಿದ್ದರಿಂದ ಬುಗುರಿ ಹಾಗೆ ತಿರುಗುತ್ತಾ ಹೋಗೋದು. ಬುಗುರಿ ತಿರುಗುವಷ್ಟು ಹೊತ್ತು ಬೀಳಲ್ಲ, ನಮ್ಮ ಊರಿನ ಯಾವ ಹುಡುಗನಿಗೂ ಇದನ್ನ ಗೈರೋಸ್ಕೋಪ್ ಅಂತ ಹೇಳಿ ಅರ್ಥ ಮಾಡಿಸಬೇಕಾಗಿಲ್ಲ.

ತೂಕ ಅದೇ, ಲೋಹವೂ ಅದೇ ಸೀಸ. ಬದಲಾಗಿದ್ದು ಕೂರುವ ಅಳತೆ, ಉದ್ದ, ತಿರುಗು. ಭಾರ ಭಾರ ಅನ್ನೋರು ಇದನ್ನ ಸ್ವಲ್ಪ ಯೋಚನೆ ಮಾಡಬೇಕು.

ಗ್ರೇನ್ ಅನ್ನೋ ಅಳತೆ ಬಗ್ಗೆ ಒಂದು ಮಾತು. ಗುಂಡಿನ ತೂಕವನ್ನ ಪ್ರಪಂಚದ ಅರ್ಧ ಭಾಗ ಇನ್ನೂ ಗ್ರೇನ್‌ನಲ್ಲೇ ಹೇಳುತ್ತೆ. ಒಂದು ಗ್ರೇನ್ ಅಂದರೆ 0.0648 ಗ್ರಾಂ. ಹೆಸರು ಬಂದಿದ್ದು ಕಾಳಿನಿಂದ. ನಮ್ಮ ಅಕ್ಕಸಾಲಿಗರ ಗುಲಗಂಜಿ ತೂಕ ಇದೆಯಲ್ಲ, ಅದು ಸುಮಾರು ಎರಡು ಗ್ರೇನ್ ಆಗುತ್ತೆ. ಚಿನ್ನ ತೂಗೋದಕ್ಕೆ ನಾವು ಬೀಜ ಇಟ್ಟುಕೊಂಡೆವು, ಗುಂಡು ತೂಗೋದಕ್ಕೆ ಅವರು.

1888ಕ್ಕೆ ಬರೋಣ. ಆ ವರ್ಷ ಬ್ರಿಟಿಷರು .303 ತಂದರು. ಮೊದಲಿಗೆ ಲೀ ಮೆಟ್‌ಫರ್ಡ್, ಆಮೇಲೆ ಲೀ ಎನ್‌ಫೀಲ್ಡ್. ಸೀಸದ ಮೇಲೆ ತಾಮ್ರ ನಿಕ್ಕಲ್ ಕವಚ ಇದ್ದ ಆ ಗುಂಡು 215 ಗ್ರೇನ್, ಮೂತಿ ದುಂಡಗೆ, ಮೈ ಉದ್ದ. ಆ ಉದ್ದ ಗುಂಡನ್ನ ಸ್ಥಿರವಾಗಿ ತಿರುಗಿಸೋಕೆ ಅಂತ ನಳಿಗೆಯ ಸುರುಳಿಯನ್ನ 10 ಇಂಚಿಗೆ ಒಂದು ಪೂರ್ತಿ ಸುತ್ತು ಬರೋ ಹಾಗೆ ಕೊರೆದರು. 1910ರಲ್ಲಿ ಗುಂಡು ಬದಲಾಯಿತು. ಮಾರ್ಕ್ 7 ಅನ್ನೋ ಚೂಪು ಮೂತಿಯ, 174 ಗ್ರೇನ್‌ನ ಹಗುರ ಗುಂಡು ಬಂತು. ಸುರುಳಿ ಮಾತ್ರ ಹಾಗೇ ಉಳಿಯಿತು, 10 ಇಂಚಿಗೆ ಒಂದು.

ಇದು ಇಂಗ್ಲಿಷರ ಕತೆ ಮಾತ್ರ ಅಲ್ಲ. ಜರ್ಮನರು 1888ರಲ್ಲಿ ಶುರು ಮಾಡಿದ್ದು ಸುಮಾರು 227 ಗ್ರೇನ್‌ನ ದುಂಡು ಮೂತಿ ಗುಂಡಿನಿಂದ, 1905ಕ್ಕೆ ಅದು 154 ಗ್ರೇನ್ ಆಯ್ತು. ರಷ್ಯನರ ಮೋಸಿನ್ ರೈಫಲ್ 1891ರಲ್ಲಿ 210 ಗ್ರೇನ್, 1908ಕ್ಕೆ 148. ಅಮೆರಿಕದವರು 1903ರಲ್ಲಿ 220, ಮೂರೇ ವರ್ಷಕ್ಕೆ 150. ನಾಲ್ಕು ದೇಶ, ನಾಲ್ಕು ಕಾರ್ಖಾನೆ, ಒಂದೇ ಕತೆ: ಗುಂಡು ಹಗುರ ಆಯ್ತು, ನಳಿಗೆ ಭಾರದ ಗುಂಡಿನ ಕಾಲದ್ದೇ ಉಳಿಯಿತು. ಈಗ ಆ ನಳಿಗೆಗೆ ಸೀಸದ ಭಾರದ ಗುಂಡು ಹಾಕೋರು ಹೊಸ ಪ್ರಯೋಗ ಏನೂ ಮಾಡ್ತಿಲ್ಲ. ಅದಕ್ಕೆ ಮೊದಲಿನಿಂದ ಅಭ್ಯಾಸ ಇದ್ದ ಊಟವನ್ನೇ ಮತ್ತೆ ಬಡಿಸ್ತಿದ್ದಾರೆ.

ಎಷ್ಟು ಭಾರದ ತನಕ ಹೋಗಬಹುದು? ಇದಕ್ಕೆ 1879ರಲ್ಲೇ ಗ್ರೀನ್‌ಹಿಲ್ ಅನ್ನೋ ಗಣಿತದ ಪ್ರೊಫೆಸರ್ ಒಂದು ಸೂತ್ರ ಕೊಟ್ಟಿದ್ದಾನೆ. ಗುಂಡಿನ ವ್ಯಾಸದ ವರ್ಗವನ್ನ 150ರಿಂದ ಗುಣಿಸಿ, ಸುರುಳಿಯ ಉದ್ದದಿಂದ ಭಾಗಿಸಿ. ಎಲ್ಲ ಇಂಚಿನಲ್ಲಿ. ಬರೋ ಉತ್ತರವೇ ಆ ನಳಿಗೆ ತಾಳಬಲ್ಲ ಗುಂಡಿನ ಗರಿಷ್ಠ ಉದ್ದ. .303ಗೆ ಹಾಕಿ ನೋಡಿ. ಗುಂಡಿನ ವ್ಯಾಸ 0.311, ವರ್ಗ 0.0967, 150ರಿಂದ ಗುಣಿಸಿದರೆ 14.5, ಹತ್ತರಿಂದ ಭಾಗಿಸಿದರೆ 1.45 ಇಂಚು. ಹತ್ತಿರ ಹತ್ತಿರ 37 ಎಂಎಂ. 200 ಗ್ರೇನ್‌ನ ದುಂಡು ಮೂತಿ ಎರಕದ ಗುಂಡು ಸುಮಾರು 29 ಎಂಎಂ ಉದ್ದ ಬರುತ್ತೆ. ಆರಾಮಾಗಿ ಒಳಗೇ ಇದೆ. ಸೂತ್ರದಲ್ಲಿ ನೀವು ಗಮನಿಸಬೇಕಾದ್ದು ಒಂದೇ, ಅದರಲ್ಲಿ ತೂಕ ಎಲ್ಲೂ ಇಲ್ಲ! ಇರೋದು ಉದ್ದ, ವ್ಯಾಸ, ಸುರುಳಿ. ಎಂಜಿನಿಯರಿಂಗ್ ಮ್ಯಾಥ್ಸ್ ಪೇಪರಿನಲ್ಲಿ ಇಂಥ ಒಂದು ಪ್ರಶ್ನೆ ಕೊಟ್ಟಿದ್ದರೆ ನಮ್ಮಲ್ಲಿ ಎಷ್ಟೋ ಜನ ಖುಷಿಯಿಂದ ಪಾಸಾಗ್ತಿದ್ದರು.

ಸರಿ, ಈಗ ಸೀಸಕ್ಕೆ ಬರೋಣ, ನಿಜವಾದ ಎಂಜಿನಿಯರಿಂಗ್ ಇರೋದು ಅಲ್ಲೇ.

ಶುದ್ಧ ಸೀಸ ಬಹಳ ಮೆತ್ತಗೆ. 327 ಡಿಗ್ರಿಗೆ ಕರಗುತ್ತೆ, ಉಗುರಲ್ಲಿ ಗೀರು ಬೀಳುತ್ತೆ. ಕಾವೇರಿ ಮೀನುಗಾರರು ಬೀಸುಬಲೆ ಅಂಚಿಗೆ ಕಟ್ಟೋ ಸೀಸದ ಮಣಿ ಹಲ್ಲಲ್ಲಿ ಕಚ್ಚಿ ಬಿಗಿ ಮಾಡುವಷ್ಟು ಮೆತ್ತಗಿರುತ್ತೆ (ದಯವಿಟ್ಟು ಕಚ್ಚಬೇಡಿ, ಸೀಸ ವಿಷ). ಇಂಥ ಲೋಹವನ್ನ ತಾಮ್ರದ ಕವಚ ಇಲ್ಲದೆ ಮಾರ್ಕ್ 7 ಗುಂಡಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ 744 ಮೀಟರಿನಲ್ಲಿ ಹೊಡೆದರೆ ಗೀರುಗಳನ್ನ ಹಿಡ್ಕೊಳ್ಳೋಕೆ ಆಗಲ್ಲ. ಜಾರುತ್ತೆ, ಸವೆಯುತ್ತೆ, ನಳಿಗೆ ಒಳಗೆಲ್ಲ ಸೀಸ ಬಳಿದುಕೊಳ್ಳುತ್ತೆ. ಆದ್ದರಿಂದ ಸೀಸದ ಗುಂಡಿನ ಮೊದಲ ನಿಯಮ, ನಿಧಾನ ಹೋಗಬೇಕು. ನಿಧಾನ ಹೋಗೋ ಹಗುರ ಗುಂಡು ಗಾಳಿಗೆ ಬೇಗ ಸೋಲುತ್ತೆ. ಹಾಗಾಗಿ ಭಾರ.

ಲೆಕ್ಕ ಹಾಕೋಣ. ಮಾರ್ಕ್ 7 ಗುಂಡು 11.3 ಗ್ರಾಂ, ವೇಗ 744. ಅರ್ಧ ಎಂ ವಿ ಸ್ಕ್ವೇರ್ ಹಾಕಿದರೆ ಸುಮಾರು 3,130 ಜೂಲ್. 200 ಗ್ರೇನ್‌ನ ಎರಕದ ಗುಂಡು 13 ಗ್ರಾಂ, ಅದನ್ನ ಸೆಕೆಂಡಿಗೆ 490 ಮೀಟರಿನಲ್ಲಿ ಬಿಟ್ಟರೆ ಸುಮಾರು 1,560 ಜೂಲ್. ಗುಂಡು ಭಾರ ಜಾಸ್ತಿ, ಶಕ್ತಿ ಅರ್ಧಕ್ಕರ್ಧ! ಹೆಗಲಿಗೆ ಬರೋ ಒದೆತವೂ ಕಡಿಮೆ. ನೂರು ವರ್ಷದ ಮರ, ನೂರು ವರ್ಷದ ಬೋಲ್ಟ್, ಅವೂ ಉಳಿಯುತ್ತವೆ. ನಮ್ಮ ಗೇಮರ್‌ಗಳ ಡ್ಯಾಮೇಜ್ ಥಿಯರಿ ಇಲ್ಲಿಗೆ ಮುಗಿಯಿತು ಅಂದುಕೊಳ್ತೀನಿ. ಅಂದಹಾಗೆ ಅಷ್ಟು ನಿಧಾನದಲ್ಲೂ ಆ ಗುಂಡು ಸೆಕೆಂಡಿಗೆ 1,900ಕ್ಕೂ ಹೆಚ್ಚು ಸುತ್ತು ತಿರುಗ್ತಿರುತ್ತೆ. ಮನೆಯ ವಾಷಿಂಗ್ ಮಷೀನ್ ನಿಮಿಷಕ್ಕೆ ಸಾವಿರ ಸುತ್ತಿಗೇ ಅಡುಗೆಮನೆ ನಡುಗಿಸುತ್ತೆ, ಇದು ನಿಮಿಷಕ್ಕೆ ಲಕ್ಷ ದಾಟುತ್ತೆ. ಎರಕದಲ್ಲಿ ಒಳಗೆ ಒಂದು ಗಾಳಿಗುಳ್ಳೆ ಉಳಿದರೂ ಯಾಕೆ ಗುರಿ ತಪ್ಪುತ್ತೆ ಅಂತ ಈಗ ಗೊತ್ತಾಯ್ತಲ್ಲ.

ಇನ್ನೊಂದು ಕಾರಣ ನಳಿಗೆಯ ಸವೆತ. .303ಗೆ ಬಳಸಿದ ಕಾರ್ಡೈಟ್ ಅನ್ನೋ ಮದ್ದು ಬಹಳ ಬಿಸಿಯಾಗಿ ಉರಿಯೋದು. ಮೆಟ್‌ಫರ್ಡ್ ನಳಿಗೆಯ ಆಳ ಇಲ್ಲದ ಗೀರುಗಳನ್ನ ಅದು ಎಷ್ಟು ಬೇಗ ತಿಂದುಹಾಕಿತು ಅಂದರೆ, 1895ಕ್ಕೆ ಆಳವಾದ ಐದು ಗೀರಿನ ಎನ್‌ಫೀಲ್ಡ್ ನಳಿಗೆ ತರಬೇಕಾಯ್ತು. ತೋಟಾ ಕೂರುವ ಜಾಗದ ಮುಂದೆ, ಗೀರು ಶುರುವಾಗೋ ಗಂಟಲು ಇದೆಯಲ್ಲ, ಮೊದಲು ಸವೆಯೋದು ಅದು. ಗಿಡ್ಡ ಹಗುರ ಗುಂಡು ಆ ಸವೆದ ಜಾಗದಲ್ಲಿ ಆಧಾರ ಇಲ್ಲದೆ ನೆಗೆದು, ಓರೆಯಾಗಿ ಗೀರಿಗೆ ಹೊಗುತ್ತೆ. ಉದ್ದ ಗುಂಡಿನ ಮೂತಿ ಆಗಲೇ ಮುಂದೆ ಗೀರುಗಳ ಮೇಲೆ ಕೂತಿರುತ್ತೆ, ಹಿಂಭಾಗ ಇನ್ನೂ ತೋಟಾದ ಕತ್ತಿನಲ್ಲಿರುತ್ತೆ. ಎರಡು ಕಡೆ ಹಿಡಿದ ಹಾಗೆ. ಲೇತ್‌ನಲ್ಲಿ ಉದ್ದ ಕೆಲಸ ಹಾಕುವಾಗ ಟೇಲ್‌ಸ್ಟಾಕ್ ಕೊಡ್ತೀವಲ್ಲ, ಅದೇ ತತ್ವ.

ಇಲ್ಲಿ ಬರೋದು ನನಗೆ ಬಹಳ ಇಷ್ಟವಾದ ಭಾಗ. .303 ಅಂತ ಹೆಸರಿದ್ದರೂ ಗುಂಡಿನ ಅಗಲ .303 ಇಂಚು ಅಲ್ಲ! ಅದು ಗೀರುಗಳ ನಡುವಿನ ಏಣುಗಳಿಂದ ಏಣಿಗೆ ಇರೋ ಅಳತೆ. ಗೀರಿನ ತಳದಿಂದ ತಳಕ್ಕೆ .313 ಸುಮಾರು, ಸವೆದ ನಳಿಗೆಯಲ್ಲಿ ಇನ್ನೂ ಜಾಸ್ತಿ. ಎರಕದ ಗುಂಡು ಆ ತಳಕ್ಕಿಂತ ಒಂದೆರಡು ಸಾವಿರಾಂಶ ಇಂಚು ದಪ್ಪ ಇರಬೇಕು. ಒಂದು ಕೂದಲಿನ ದಪ್ಪಕ್ಕಿಂತಲೂ ಕಡಿಮೆ. ಹಾಗಾದರೆ ಮೊದಲು ನಳಿಗೆ ಅಳೆಯಬೇಕು. ಹೇಗೆ? ಮೆತ್ತನೆ ಸೀಸದ ತುಂಡನ್ನ ಖಾಲಿ ನಳಿಗೆಯೊಳಗೆ ನಿಧಾನ ತಳ್ಳಿ ಆಚೆ ತೆಗೆದರೆ ಗೀರಿನ ಅಚ್ಚು ಅದರ ಮೇಲೆ ಬಿದ್ದಿರುತ್ತೆ. ಮೈಕ್ರೋಮೀಟರ್ ತಗೊಂಡು ಅಳೆಯೋದಕ್ಕೆ ಹೋದರೆ ಅಲ್ಲೊಂದು ಪೇಚು. ಗೀರು ಐದು. ಬೆಸ ಸಂಖ್ಯೆ. ಒಂದು ಗೀರಿನ ಎದುರಿಗೆ ಇನ್ನೊಂದು ಗೀರು ಇರೋದೇ ಇಲ್ಲ, ಏಣು ಇರುತ್ತೆ. ಮಾಮೂಲಿ ಮೈಕ್ರೋಮೀಟರಿನ ಎರಡು ಚಪ್ಪಟೆ ಮುಖದ ನಡುವೆ ಇಟ್ಟರೆ ಬರೋ ಉತ್ತರ ಸುಳ್ಳು. ವಿ ಆಕಾರದ ಅನ್ವಿಲ್ ಇರೋ ಮೈಕ್ರೋಮೀಟರ್ ಬೇಕು. ಎರಡನೇ ಮಹಾಯುದ್ಧದಲ್ಲಿ ಅವಸರಕ್ಕೆ ಮಾಡಿದ ಕೆಲವು ನಳಿಗೆಗಳಲ್ಲಿ ಎರಡೇ ಗೀರು, ಅವನ್ನ ಯಾರು ಬೇಕಾದರೂ ಅಳೆಯಬಹುದು. ಮೆಕ್ಯಾನಿಕಲ್‌ನವರ ಮೆಟ್ರಾಲಜಿ ಲ್ಯಾಬಿನಲ್ಲಿ ಬೀರುವಿನೊಳಗೆ ಧೂಳು ತಿನ್ನೋ ವಿ ಅನ್ವಿಲ್ ಮೈಕ್ರೋಮೀಟರ್ ಯಾಕೆ ಇದೆ ಅಂತ ಕೇಳಿದರೆ "ಸಿಲಬಸ್‌ನಲ್ಲಿದೆ" ಅಂತಾರೆ. ಇದೊಂದು ಉದಾಹರಣೆ ಹೇಳಿದ್ದರೆ ಜನ್ಮದಲ್ಲಿ ಮರೀತಿರಲಿಲ್ಲ.

ಲೋಹದ ಗಟ್ಟಿತನದ ಬಗ್ಗೆಯೂ ಇಂಥದೇ ಒಂದು ಮೂಢನಂಬಿಕೆ ಇದೆ, ಗಟ್ಟಿ ಇದ್ದಷ್ಟೂ ಒಳ್ಳೇದು ಅಂತ. ಸೀಸಕ್ಕೆ ತವರ, ಆಂಟಿಮನಿ ಸೇರಿಸಿದರೆ ಗಟ್ಟಿಯಾಗುತ್ತೆ. ಶುದ್ಧ ಸೀಸದ ಬ್ರಿನೆಲ್ ಸಂಖ್ಯೆ 5ರ ಹತ್ತಿರ, ಲೈನೋಟೈಪ್ ಅನ್ನೋ ಮುದ್ರಣದ ಮಿಶ್ರಲೋಹದ್ದು 22ರ ಹತ್ತಿರ. ಲೈನೋಟೈಪ್ ಅಂದರೆ ನೂರಕ್ಕೆ 84 ಸೀಸ, 12 ಆಂಟಿಮನಿ, 4 ತವರ. ಪ್ರೆಸ್‌ಗಳೆಲ್ಲ ಆಫ್‌ಸೆಟ್‌ಗೆ ಹೋದಾಗ ಅಮೆರಿಕದಲ್ಲಿ ಪತ್ರಿಕೆಗಳ ಹಳೇ ಅಕ್ಷರಗಳನ್ನ ಕೊಂಡು ಕರಗಿಸಿ ಗುಂಡು ಹೊಯ್ದರು. ನಮ್ಮಲ್ಲೂ ಕನ್ನಡ ಪುಸ್ತಕಗಳನ್ನ ಇದೇ ಜಾತಿಯ ಲೋಹದ ಅಚ್ಚುಮೊಳೆಯಿಂದಲೇ ಮುದ್ರಿಸ್ತಿದ್ದದ್ದು. ಒತ್ತಕ್ಷರ, ಕಾಗುಣಿತ ಎಲ್ಲ ಸೇರಿ ನೂರಾರು ಮೊಳೆ. ಅವೆಲ್ಲ ಎಲ್ಲಿ ಹೋದವೋ ಅಂತ ಆಗಾಗ ಯೋಚನೆ ಬರುತ್ತೆ, ಗುಜರಿಗೇ ಹೋಗಿರಬೇಕು.

ವಿಷಯಕ್ಕೆ ಬರ್ತೀನಿ. ಸವೆದ ನಳಿಗೆಗೆ ತೀರಾ ಗಟ್ಟಿ ಗುಂಡು ಹಾಕಿದರೆ, ಅದೂ ಅಳತೆಯಲ್ಲಿ ಸ್ವಲ್ಪ ಸಣ್ಣದಿದ್ದರೆ, ಅದು ಅರಳಿ ಸಂದು ಮುಚ್ಚಲ್ಲ. ಬಿಸಿ ಅನಿಲ ಪಕ್ಕದಲ್ಲಿ ನುಗ್ಗಿ ಸೀಸವನ್ನ ಕರಗಿಸಿಕೊಂಡು ಹೋಗುತ್ತೆ. ಮೆತ್ತಗಿದ್ದು ಅಳತೆಗೆ ಕೂರೋ ಗುಂಡು ಅದಕ್ಕಿಂತ ವಾಸಿ. 1871ರ ಮಾರ್ಟಿನಿ ಹೆನ್ರಿಗೆ ಸೀಸ 12 ಪಾಲು, ತವರ 1 ಪಾಲು ಹಾಕಿ 480 ಗ್ರೇನ್ ಗುಂಡು ಮಾಡ್ತಿದ್ದರು, ಅದಕ್ಕೆ ಕವಚವೂ ಇರಲಿಲ್ಲ. ಹಿಂದಿನವರಿಗೆ ಈ ಹದ ಗೊತ್ತಿತ್ತು.

ನನ್ನ ತೀರ್ಮಾನ ಹೇಳಬೇಕು ಅಂದರೆ .303ಗೆ 200ರಿಂದ 215 ಗ್ರೇನ್, ದುಂಡು ಮೂತಿ, ಹದವಾದ ಲೋಹ. ಅದಕ್ಕಿಂತ ಮೇಲೆ ಹೋದರೆ ಲಾಭ ಇಲ್ಲ. ಗುಂಡು ಉದ್ದವಾದಷ್ಟೂ ತೋಟಾದೊಳಗೆ ಕೆಳಕ್ಕೆ ಕೂತು ಮದ್ದಿನ ಜಾಗ ತಿನ್ನುತ್ತೆ, ಒತ್ತಡ ಏರುತ್ತೆ. ಭಾರ ಒಳ್ಳೇದು ಅಂತ ಭಾರದ ಹಿಂದೆ ಬೀಳೋದು ಇನ್ನೊಂದು ಥರದ ಡ್ಯಾಮೇಜ್ ಹುಚ್ಚು.

ಇಷ್ಟೆಲ್ಲ ಓದಿ ಯಾರಾದರೂ ಸೀಸ ಕರಗಿಸೋಕೆ ಹೊರಟರೆ ದಯವಿಟ್ಟು ನಿಲ್ಲಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು ಅಪರಾಧ. ಮದ್ದುಗುಂಡು ಅನ್ನೋ ಪದದ ವ್ಯಾಖ್ಯೆಯಲ್ಲೇ ಅದರ ಬಿಡಿಭಾಗ, ತಯಾರಿಸುವ ಯಂತ್ರ ಎಲ್ಲ ಬರುತ್ತವೆ. .303 ಅಂತೂ ಜನಸಾಮಾನ್ಯರಿಗೆ ನಿಷೇಧಿತ ಬೋರ್. ಬ್ರಿಟಿಷರಿಗೆ ತಮ್ಮ ಸೇನೆಯ ಗುಂಡು ಜನರ ಕೈಗೆ ಸಿಗಬಾರದು ಅನ್ನೋ ಭಯ ಇತ್ತು, ಅದಕ್ಕೆ ನಾಗರಿಕರಿಗೆ ಬೇರೆ ತೋಟಾ ಕೊಟ್ಟರು. ಅದೇ .315, ತೋಟಾದ ಮೇಲೆ 8 ಎಂಎಂ ಅಂತ ಇರುತ್ತೆ. ಮೂಲ ಆಸ್ಟ್ರಿಯಾದ ಮಾನ್ಲಿಖರ್ ತೋಟಾ. ಅದರ ಗುಂಡು ಎಷ್ಟು ಗೊತ್ತಾ? ಸುಮಾರು 244 ಗ್ರೇನ್, ದುಂಡು ಮೂತಿ. ಪ್ರಪಂಚದ ಸೇನೆಗಳೆಲ್ಲ ನೂರು ವರ್ಷದ ಹಿಂದೆ ಬಿಟ್ಟ ಭಾರದ ಗುಂಡು ನಮ್ಮ ಸರ್ಕಾರಿ ಕಾರ್ಖಾನೆಯ ನಾಗರಿಕ ರೈಫಲ್ಲಿನಲ್ಲಿ ಮಾತ್ರ ಹಾಗೇ ಬದುಕಿದೆ, ತಾಮ್ರದ ಕವಚ ಹೊದ್ದುಕೊಂಡು. ಜರ್ಮನರ ಮೌಸರ್ ತೋಟಾವನ್ನೂ ಜನ 8 ಎಂಎಂ ಅಂತಾರೆ. ಹೆಸರು ಒಂದೇ, ತೋಟಾ ಬೇರೆ, ಒತ್ತಡವೂ ಬೇರೆ. ಹೆಸರು ನೋಡಿ ಗುಂಡು ಆರಿಸಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಕಾ?

ಕಾನೂನು ಸಡಿಲ ಮಾಡಿ ಅಂತ ನಾನು ಕೇಳ್ತಿಲ್ಲ, ಬಿಗಿಯಾಗೇ ಇರಲಿ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೀತಾರೆ. ಅಲ್ಲಿ ಮಕ್ಕಳು ಮನೆಯಲ್ಲೇ ಕೋವಿ ನೋಡ್ತಾ ಬೆಳೀತಾರೆ, ಮೂತಿ ಯಾವ ಕಡೆ ತಿರುಗಿಸಬಾರದು ಅಂತ ಹಿರಿಯರು ಹೇಳಿಕೊಟ್ಟಿರ್ತಾರೆ. ನಮ್ಮ ಮಂಡ್ಯ ಕಡೆ ಆ ಪರಂಪರೆ ಇಲ್ಲ. ಇಲ್ಲದೇ ಇದ್ದರೂ ಬಂದೂಕು ಇದೆ. ಮುತ್ತತ್ತಿ, ಬಸವನ ಬೆಟ್ಟದ ಕಾಡಂಚಿನಲ್ಲಿ, ಕಾವೇರಿ ವನ್ಯಧಾಮದ ಸುತ್ತ ಹಂದಿ, ಜಿಂಕೆ ಬೇಟೆಗೆ ಬಂದವರ ಹತ್ತಿರ ನಾಡ ಬಂದೂಕು ಸಿಕ್ಕಿತು ಅನ್ನೋ ಸುದ್ದಿ ನಮಗೇನು ಹೊಸದಲ್ಲ. ಎಂಥದೋ ಕೊಳವೆ, ಅಳತೆ ಇಲ್ಲದ ಮದ್ದು, ಕೈಗೆ ಸಿಕ್ಕ ಸೀಸದ ಚರೆ. 1799ರ ಬ್ರೌನ್ ಬೆಸ್‌ಗೆ ಕಾರ್ಖಾನೆಯ ಪರೀಕ್ಷೆಯಾದರೂ ಇತ್ತು, ಇದಕ್ಕೆ ಅದೂ ಇಲ್ಲ. ಪ್ರಾಣಿ ಗಾಯ ಮಾಡಿಕೊಂಡು ಕಾಡೊಳಗೆ ಹೋಗಿ ದಿನಗಟ್ಟಲೆ ನರಳಿ ಸಾಯುತ್ತೆ, ಕೊಳವೆ ಒಡೆದರೆ ಹೊಡೆದವನ ಕೈ ಹೋಗುತ್ತೆ. ಬಂದೂಕಿನ ಬಗ್ಗೆ ಕಾಲೇಜಿನ ಕನ್ನಡ ಪತ್ರಿಕೆಯಲ್ಲಿ ಬರೆಯೋದು ಬೇಕಾ ಅಂತ ಕೆಲವರು ಕೇಳಬಹುದು. ಬರೀದೇ ಇದ್ದರೆ ಆ ಕೊಳವೆಗಳು ಇಲ್ಲದಂತೆ ಆಗಲ್ಲ. ಒತ್ತಡ ಅಂದರೇನು, ನಳಿಗೆ ಅಂದರೇನು ಅಂತ ಅವರ ಭಾಷೆಯಲ್ಲಿ ಒಂದು ಪುಟವೂ ಇಲ್ಲ ಅನ್ನೋದೇ ನನಗೆ ಕಾಣೋ ತೊಂದರೆ.

ಪದಗಳಿಗೆ ಬರ ಅಂತೂ ಇಲ್ಲ. ಕೋವಿ, ನಳಿಗೆ, ತೋಟಾ, ಮದ್ದು, ಚರೆ, ಗುಂಡು, ಎರಕ, ಅಚ್ಚು, ಹದ. ಇವೆಲ್ಲ ಆಗಲೇ ಇದ್ದವು. ನನ್ನಂಥವರು ಇಂಗ್ಲಿಷಿನಲ್ಲಿ ಓದಿ ಬಂದಿದ್ದರಿಂದ ಮೊದಲು ಬಾಯಿಗೆ ಬರೋದು ಬ್ಯಾರೆಲ್, ಕಾರ್ಟ್ರಿಜ್ ಅಂತ, ಅಷ್ಟೆ. ಗ್ರೂವ್‌ಗೆ ಗೀರು, ಲ್ಯಾಂಡ್‌ಗೆ ಏಣು ಅಂತ ನಾನೇ ಹಾಕಿಕೊಂಡಿದ್ದೀನಿ. ಯಾರಿಗಾದರೂ ಇದಕ್ಕಿಂತ ಒಳ್ಳೇದು ಗೊತ್ತಿದ್ದರೆ ಹೇಳಿ.

ಈಗ ನನ್ನ ಬೇಡಿಕೆ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವಕ್ಕೆ .303ಗೆ ಅಧಿಕೃತವಾಗಿ ವಿದಾಯ ಹೇಳಿದರು. ಬೇರೆ ಕಡೆಯೂ ಇನ್ಸಾಸ್, ಎಸ್‌ಎಲ್‌ಆರ್ ಬಂದ ಮೇಲೆ ಇವು ಮೂಲೆ ಸೇರ್ತಿವೆ. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ನಮ್ಮವರೇ ಕೈಯಾರೆ ಮಾಡಿದ ರೈಫಲ್‌ಗಳು ಅವು. ಹೀಗೆ ಸೇವೆಯಿಂದ ತೆಗೆದ ರೈಫಲ್‌ಗಳನ್ನ ನಾಶ ಮಾಡುವಾಗ ಎಲ್ಲವನ್ನೂ ಕುಲುಮೆಗೆ ಹಾಕಬೇಡಿ. ನಳಿಗೆಯನ್ನ ಉದ್ದಕ್ಕೆ ಸೀಳಿ, ಒಂದೊಂದು ಅಡಿ ತುಂಡು ಮಾಡಿ, ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊಡಿ. ಸೀಳಿದ ನಳಿಗೆಯಿಂದ ಯಾರೂ ಏನೂ ಹಾರಿಸೋಕೆ ಆಗಲ್ಲ. ಆದರೆ ಕಾರ್ಡೈಟ್ ತಿಂದ ಗಂಟಲು ಕಣ್ಣಿಗೆ ಕಾಣುತ್ತೆ, ಐದು ಗೀರು ಬೆರಳಿಗೆ ಸಿಗುತ್ತೆ, ಹತ್ತು ಇಂಚಿಗೆ ಒಂದು ಸುತ್ತು ಅನ್ನೋದನ್ನ ಸ್ಕೇಲ್ ಇಟ್ಟು ಅಳೆಯಬಹುದು. ಮೆಟ್ರಾಲಜಿ, ಮೆಟೀರಿಯಲ್ ಸೈನ್ಸ್, ಫೌಂಡ್ರಿ ಮೂರು ಲ್ಯಾಬಿಗೂ ಒಂದೇ ತುಂಡು ಸಾಕು.

ಅದರ ಜೊತೆಗೆ ಪೊಲೀಸ್ ಇಲಾಖೆಯ ಆರ್ಮರರ್ ಒಬ್ಬರನ್ನ ಕರೆಸಬೇಕು. ಮೂವತ್ತು ವರ್ಷ ಈ ರೈಫಲ್‌ಗಳನ್ನ ಬಿಚ್ಚಿ, ಒರೆಸಿ, ಗೇಜ್ ಹಾಕಿ ನೋಡಿದವರು ಈಗ ನಿವೃತ್ತಿ ಆಗ್ತಿದ್ದಾರೆ. ಯಾವ ನಳಿಗೆ ಇನ್ನೂ ನಡೆಯುತ್ತೆ, ಯಾವುದು ಸಾಕು ಅಂತ ಬೆಳಕಿಗೆ ಹಿಡಿದು ಹೇಳೋದು ಅವರಿಗೆ ಗೊತ್ತು. ಪಿಪಿಟಿ ಬೇಡ, ಇಂಗ್ಲಿಷೂ ಬೇಡ. ಒಂದು ಮಧ್ಯಾಹ್ನ ಸೆಮಿನಾರ್ ಹಾಲ್ ಕೊಟ್ಟರೆ ಸಾಕು, ಕುರ್ಚಿ ಜೋಡಿಸೋ ಕೆಲಸ ನಮ್ಮ ಕನ್ನಡ ಸಂಘದ್ದು.